ಡಬ್ಬಿ ಓದದ ಓಯ್ವ

ಫಿನ್‌ಲೆಂಡಿನ ಹಡಗು ಕಾರ್ಖಾನೆಯ ಉಗ್ರಾಣದಲ್ಲಿ ಮುದುಕ ಓಯ್ವನ ಕಿಟಕಿಗೆ ಬಂದು ವೆಲ್ಡಿಂಗ್ ಕಡ್ಡಿಯನ್ನು ಕಂಪನಿ ಹೆಸರು ಹಿಡಿದು ಕೇಳಿದವರು ಕೆಟ್ಟರು. "ಹೆಸರು ಕಂಪ್ನಿಯೋರ ಚಪಲ. ನಂಬರ್ ಒದರು," ಎನ್ನುತ್ತಾನೆ. ಎಪ್ಪತ್ತು-ಹದಿನೆಂಟು, ಅಂದರೆ 7018 ನಂಬರಿನ ಕಡ್ಡಿಯಲ್ಲಿ, ಎಪ್ಪತ್ತು ಅಂದರೆ ತಾಕತ್ತು. ಒಂದು ಅಂದರೆ ನಿಂತು, ಮಲಗಿ, ತಲೆಯ ಮೇಲೆ ಹೇಗಾದರೂ ಬೆಸೆಯಬಹುದು; ಆ ಜಾಗದಲ್ಲಿ ಎರಡಿದ್ದರೆ ಮಲಗಿಸಿಟ್ಟ ಕೆಲಸಕ್ಕೆ ಮಾತ್ರ. ಎಂಟು ಅಂದರೆ ತೇವ ಕಂಡರಾಗದು. ಅದಕ್ಕೇ ಆ ಕಡ್ಡಿಗಳನ್ನು ಬಿಸಿ ಪೆಟ್ಟಿಗೆಯಲ್ಲಿಟ್ಟು, "ಸೌನಾದ ಬಿಸಿ ಕೋಣೇಲಿದಾವೆ, ಬೆವರ್ಲಿ ತಡಿ," ಎಂದು ಕಾಯಿಸುತ್ತಾನೆ. ಒಮ್ಮೆ ಮುಷ್ಕರದಲ್ಲಿ ಮ್ಯಾನೇಜರನ ಕೋಟಿನ ಬೆನ್ನಿಗೂ ಚೀಟಿ ಅಂಟಿಸಿದ್ದ: "ನಂಬರ್ ಎರಡು. ಮಲಗಿದ್ದಾಗ ಮಾತ್ರ ಉಪಯೋಗ." ಅಲ್ಲಿನವರು ಗುರುವಾರ ತಪ್ಪದೆ ಉಣ್ಣುವ ಬಟಾಣಿ ಸಾರನ್ನೂ ಡಬ್ಬಿ ತೆರೆದು ಮೂಸಿ ನೋಡದೆ ಉಣ್ಣುವವನಲ್ಲ. ಕಡ್ಡಿಯ ಡಬ್ಬಿಯ ಮೇಲೆ ನಂಬರಿದ್ದರೂ ಒಂದೊಂದೇ ಕಡ್ಡಿ ಎತ್ತಿ, ಅದರ ಮೈಮೇಲಿನ ಅಚ್ಚು ಓದಿಯೇ ಕೊಡುತ್ತಾನೆ. ಮೊನ್ನೆ ವೆಲ್ಡರ್ ಸೈಮಿ ರೇಗಿದಳು: "ಡಬ್ಬಿ ಮೇಲೇ ಬರ್ದಿದೆಯಲ್ಲೋ ಮುದಿಯಾ, ನೀನೇನು ಬೈಬಲ್ ಓದ್ತಿದೀಯಾ?" ಓಯ್ವ ತಲೆಯೆತ್ತಲಿಲ್ಲ. "ನನ್ನ ತಮ್ಮ ತೌನೋ ಬಿದ್ದು ಸತ್ತ ಅಟ್ಟಣೆ ಬೆಸೆದೋನು ನಾನೇ ಕಣೆ. ಡಬ್ಬಿ ಓದಿದ್ದೆ. ಯಾರೋ ಅದರೊಳಗೆ ಬೇರೆ ನಂಬರಿನ ಕಡ್ಡಿ ತುರುಕಿದ್ರು." ಸೈಮಿ ಕಿಟಕಿಗೆ ಮೊಣಕೈ ಊರಿದಳು. ಇನ್ನೂ ಮೂವತ್ತು ಕಡ್ಡಿ ಬಾಕಿಯಿದ್ದವು. "ಓದು ಮಾರಾಯ," ಎಂದಳು, "ಜೋರಾಗಿ ಓದು. ನಾನೂ ಕೇಳಿಸ್ಕೋತೀನಿ."