ಇಳಿಸಿ ಎಂದರೆ ಏರುವ ಅತ್ತೆ

"ಅರವತ್ತಕ್ಕೆ ಅರಳುಮರಳು ಅಂತಾರೆ. ನನಗಿನ್ನೂ ಐವತ್ತೆಂಟು, ಟೈಮಿದೆ," ಎಂದು ಅತ್ತೆ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡರು. ಸೊಸೆಗೆ ನಗು ಬರಲಿಲ್ಲ.

ಅತ್ತೆ ದರ್ಜಿ. ಮುಂದಿನ ಕೋಣೆಯಲ್ಲಿ ಕಾಲಿನಿಂದ ತುಳಿಯುವ ಹೊಲಿಗೆ ಮೆಷಿನ್ನು, ಗೋಡೆಗೆ ಒರಗಿಸಿದ ಸೈಕಲ್ಲು. ಇವೆರಡನ್ನೇ ತುಳಿದು ಮಗನನ್ನು ಓದಿಸಿದವರು. ಆದರೆ ಏರು ಬಂದರೆ ಇಳಿದು ತಳ್ಳುವುದು ಅವರ ಹಳೇ ರೂಢಿ. ಮೊಮ್ಮಗಳ ಹೊಸ ಶಾಲೆಯೋ ಏರಿನ ತುದಿಯಲ್ಲೇ ಇತ್ತು. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಸೊಸೆ ಬಿಟ್ಟಿದ್ದ ಕೆಲಸ ಮತ್ತೆ ಸಿಕ್ಕಿತ್ತು, ಆದರೆ ಬೆಳಗಿನ ಪಾಳಿ. ಗಂಡನದೂ ಅದೇ ಪಾಳಿ. ಮಗುವನ್ನು ಬಿಡುವವರು ಯಾರು?

"ನಾನಿದ್ದೀನಲ್ಲ," ಅಂದಿದ್ದರು ಅತ್ತೆ.

ಹಗ್ಗ ಕಂಡರೂ ಹಾವೆನ್ನುವ ಸೊಸೆ ಒಪ್ಪಲಿಲ್ಲ. "ನಡು ಏರಲ್ಲಿ ಉಸಿರು ಕಟ್ಟಿ ನೀವು ಇಳಿಯೋಕೆ ಹೋದ್ರೆ ಸೈಕಲ್ ವಾಲುತ್ತೆ ಅತ್ತೆ. ಹಿಂದೆ ಮಗು ಕೂತಿರುತ್ತೆ. ಬೇಡ, ಕೆಲಸಾನೇ ಬೇಡ ಅಂತೀನಿ."

ಅತ್ತೆ ಮಗನ ಹಳೆಯ ಗೇರ್ ಸೈಕಲ್ಲನ್ನು ಅಟ್ಟದಿಂದ ಇಳಿಸಿ, ಒರೆಸಿ, ಏರು ಹತ್ತುವುದನ್ನು ಕಲಿಸುವ ಕೋಚಿಂಗ್ ಕ್ಲಾಸಿಗೆ ಸೇರಿಬಿಟ್ಟರು.

ಮೊದಲ ದಿನ ಸೊಸೆ ಮಗುವಿನೊಂದಿಗೆ ರಸ್ತೆ ಬದಿಯ ಬೆಂಚಿನಲ್ಲಿ, ಮುಳ್ಳಿನ ಮೇಲೆ ಕೂತಂತೆ ಕೂತಿದ್ದಳು. ಅತ್ತೆಯ ಕ್ಯಾರಿಯರ್ ಮೇಲೆ ಬಟ್ಟೆ ಚೂರು ಗಿಡಿದು ತುಂಬಿದ ಚೀಲ, ಮೊಮ್ಮಗಳಷ್ಟೇ ತೂಕದ್ದು. "ಅದನ್ನ ಯಾಕೆ ಕೂರ್ಸಿದೀಯ ಅಜ್ಜಿ? ನನ್ನ ಕೂರ್ಸು!" ಎಂದು ಮಗು ಮುನಿಸಿಕೊಂಡಿತ್ತು.

ಏರು ಶುರುವಾಯಿತು. ಪೆಡಲು ಬಿಗಿಯಾಗುತ್ತಿದ್ದಂತೆ ಕೋಚ್ ಕೂಗಿದ, "ಇಳಿಸಿ ಅಮ್ಮಾ, ಇಳಿಸಿ!"

ಅತ್ತೆ ಬ್ರೇಕು ಹಾಕಿ ನಿಂತರು. ಹಗ್ಗ ಬಿಚ್ಚಿದರು. ಚೀಲವನ್ನು ಎತ್ತಿ ರಸ್ತೆ ಬದಿಗೆ ಇಳಿಸಿದರು.

ಹಿಂದೆ ಬರುತ್ತಿದ್ದ ಹುಡುಗರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಗೇರ್ ಇಳಿಸಿ ಅಂದಿದ್ದು ಅಮ್ಮಾ!"

"ಹಾಗಂತ ಬಿಡಿಸಿ ಹೇಳ್ಬೇಕಪ್ಪ. ಪುಣ್ಯಕ್ಕೆ ಮೊಮ್ಮಗಳನ್ನ ಕೂರಿಸಿರ್ಲಿಲ್ಲ, ಅವಳನ್ನೂ ಇಲ್ಲೇ ಇಟ್ಟು ಹೋಗ್ತಿದ್ದೆ," ಎಂದು ಅತ್ತೆಯೂ ನಕ್ಕರು. ಸೊಸೆಗೆ ಮಾತ್ರ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಇನ್ನು ಈ ಕಡೆ ತಲೆ ಹಾಕುವುದಿಲ್ಲ ಇವರು, ಅಂದುಕೊಂಡಳು.

ಮರುದಿನ ಎಲ್ಲರಿಗಿಂತ ಮೊದಲು ಬಂದವರು ಅತ್ತೆಯೇ.

ಗೇರಿಗಿಂತ ಕಾಲಿನದೇ ದೊಡ್ಡ ತಂಟೆ. ದಪ್ಪ ಬಟ್ಟೆ ಸಿಕ್ಕಾಗ ಮೆಷಿನ್ನನ್ನು ನಿಧಾನವಾಗಿ ಒತ್ತಿ ತುಳಿಯುವುದು ಅವರ ಕಾಲಿಗೆ ರಕ್ತಗತ. ಕೋಚ್ ಹೇಳುತ್ತಿದ್ದುದು ಅದಕ್ಕೆ ತದ್ವಿರುದ್ಧ: ಗೇರು ಇಳಿಸಿ, ಹಗುರವಾಗಿ, ಬೇಗ ಬೇಗ ತುಳಿಯಿರಿ. ಮಧ್ಯಾಹ್ನ ಸೂಜಿಗೆ ದಾರವಿಲ್ಲದ ಮೆಷಿನ್ ಗರಗರ ಓಡುವ ಸದ್ದು. ಸೊಸೆ ಇಣುಕಿದರೆ ಅತ್ತೆ ಬಟ್ಟೆಯಿಲ್ಲದೆ ಬರೀ ಕಾಲಾಡಿಸುತ್ತಿದ್ದಾರೆ!

"ಹಳೇ ಹೊಲಿಗೆ ಬಿಚ್ತಾ ಇದೀನಿ ಕಣೇ. ಹೊಸದಾಗಿ ಹಾಕೋದಕ್ಕಿಂತ ಇದೇ ಕಷ್ಟ."

ಸೊಸೆ ಮಂಡಿಗೆ ಎಣ್ಣೆ ಬಿಸಿ ಮಾಡಿ ತಂದಿಟ್ಟಳು.

ಕೆಲಸಕ್ಕೆ ಬರುತ್ತೀನೋ ಇಲ್ಲವೋ ಎಂದು ಸೊಸೆ ಲ್ಯಾಬಿಗೆ ಉತ್ತರ ಹೇಳಬೇಕಾದ ದಿನದ ಹಿಂದಿನ ದಿನ, ಚೀಲದ ಜಾಗದಲ್ಲಿ ಪುಟ್ಟ ಸೀಟು ಬಂತು. ಸೀಟಿನಲ್ಲಿ ಬೆಲ್ಟು ಕಟ್ಟಿಸಿಕೊಂಡ ಮೊಮ್ಮಗಳು. ಜೀವ ಕೈಯಲ್ಲಿ ಹಿಡಿದುಕೊಂಡು ಸೊಸೆ ಪಕ್ಕದಲ್ಲೇ ಓಡಿದಳು. ಔಷಧಿ ಅಂಗಡಿ ದಾಟಿತು. ಯಾವಾಗಲೂ ಅತ್ತೆ ಇಳಿದು ತಳ್ಳುತ್ತಿದ್ದ ತಿರುವು ಬಂತು. ಅಲ್ಲಿ ಸೈಕಲ್ಲಿನ ವೇಗ ಸತ್ತಿತು, ಹ್ಯಾಂಡಲ್ಲು ಒಮ್ಮೆ ಅದುರಿತು. ಸೊಸೆ ಸೀಟಿನತ್ತ ಕೈ ಚಾಚಿದಳು. ಮಗುವನ್ನು ಕೆಳಗಿಳಿಸಿಕೊಂಡರೆ ಸಾಕೆನಿಸಿ, ಇದ್ದ ಉಸಿರನ್ನೆಲ್ಲ ಸೇರಿಸಿ ಚೀರಿದಳು:

"ಇಳಿಸಿ ಅತ್ತೆ! ಇಳಿಸೀ!"

ಟಕ್. ಅತ್ತೆಯ ಹೆಬ್ಬೆರಳು ಗೇರು ಇಳಿಸಿತು. ಕಾಲುಗಳು ದಾರವಿಲ್ಲದ ಮೆಷಿನ್ನಿನಂತೆ ಗರಗರ ತಿರುಗಿದವು. ಸೈಕಲ್ಲು ನೆಟ್ಟಗಾಗಿ, ತಿರುವು ದಾಟಿ, ಸೊಸೆಯನ್ನು ಹಿಂದೆ ಬಿಟ್ಟು ಏರಿಯೇ ಏರಿತು.

ಏದುಸಿರು ಬಿಡುತ್ತ ಅವಳು ಶಾಲೆಯ ಗೇಟು ಮುಟ್ಟುವ ಹೊತ್ತಿಗೆ ಅಜ್ಜಿ, ಮೊಮ್ಮಗಳು ನೀರು ಕುಡಿದು ಮುಗಿಸಿದ್ದರು.

"ಸರಿಯಾದ ಜಾಗದಲ್ಲೇ ಹೇಳ್ದೆ ಕಣೇ," ಎಂದು ಅತ್ತೆ ಬೆವರು ಒರೆಸಿಕೊಂಡರು. "ಕೋಚ್ ಕೂಡ ಇಷ್ಟು ಕರೆಕ್ಟಾಗಿ ಹೇಳಲ್ಲ."

ಸೊಸೆ ನಿಜ ಹೇಳಲು ಬಾಯಿ ತೆರೆದಳು, ನಗು ಬಂತು. ಅಲ್ಲೇ ನಿಂತು ಲ್ಯಾಬಿಗೆ ಫೋನು ಮಾಡಿದಳು. "ನಾಳೆಯಿಂದ ಬರ್ತೀನಿ ಸಾರ್," ಅಂದಳು. "ಮಗೂನ ಬಿಡೋಕೆ ನಮ್ಮತ್ತೆ ಇದಾರೆ."