ಬಾಗಿಲ ಮುಂದಿನ ಸೇವಂತಿಗೆ

ಸೋಪು ಹಾಕಿ ತೊಳೆದರೂ ಬೆರಳಿನ ಘಾಟು ಹೋಗಿಲ್ಲ. ಬೆಳಿಗ್ಗೆ ಭಾವ ಫೋನು ಮಾಡಿದಾಗ ಹಿತ್ತಲಲ್ಲಿ ಸೇವಂತಿಗೆ ಗಿಡದ ಹತ್ತಿರ ನಿಂತಿದ್ದೆ. ಮಾತಾಡುತ್ತಾ ಒಂದು ಎಲೆಯನ್ನು ಹಿಸುಕಿ ಹಿಂಡಿಬಿಟ್ಟಿದ್ದೇನೆ. ಫೋನಿನ ಮಾತು ಆಮೇಲೆ ಹೇಳುತ್ತೇನೆ, ಮೊದಲು ಈ ಘಾಟಿನ ವಿಷಯ.

ಹೂವಿಲ್ಲದಾಗ ಸೇವಂತಿಗೆಯನ್ನು ಗುರುತಿಸುವುದು ನೀವಂದುಕೊಂಡಷ್ಟು ಸುಲಭವಲ್ಲ. ಮಾಚಿಪತ್ರೆಯ ಎಲೆಯೂ ಹೆಚ್ಚುಕಡಿಮೆ ಹೀಗೇ, ಸೀಳುಸೀಳು. ನಂಜನಗೂಡಿನಲ್ಲಿ ಹೊಸದಾಗಿ ಮನೆ ಮಾಡಿದ ವರ್ಷ, ಸೇವಂತಿಗೆಯೆಂದೇ ನಂಬಿ ಮಾಚಿಪತ್ರೆಗೆ ಗೊಬ್ಬರ ಹಾಕಿ, ನೀರು ಹೊಯ್ದು, ಹೂವಿಗಾಗಿ ಕಾದು ಕೂತ ಜಾಣೆ ನಾನು. ತಿ. ನರಸೀಪುರದಿಂದ ಬಂದ ಅಕ್ಕ ಎಲೆ ಹಿಸುಕಿ ನನ್ನ ಮೂಗಿಗೇ ಹಿಡಿದಳು.

“ಥೂ, ಮೂಗಿಲ್ವೇನೇ ನಿಂಗೆ? ಎಲೆ ಹಿಂದ್ಗಡೆ ನೋಡು, ಬೂದಿ ಬಳ್ದಂಗದೆ. ಇದು ದೇವ್ರ ತಲೆಗೆ ಸರಿ, ನಿನ್ ಜಡೆಗಲ್ಲ.”

ಮುಂದಿನ ಸಲ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಸೇವಂತಿಗೆಯ ಮರಿ ತಂದಳು. ಹೂ ಮುಗಿದ ಮೇಲೆ ಗಿಡವನ್ನು ಗೇಣುದ್ದ ಬಿಟ್ಟು ಕತ್ತರಿಸಬೇಕು, ಸತ್ತಂತೆ ಕಂಡರೂ ಕೀಳಬಾರದು, ಬುಡದಿಂದ ಮರಿ ಏಳುತ್ತವೆ, ಅವನ್ನು ಬಿಡಿಸಿ ನೆಟ್ಟು ಕುಡಿ ಚಿವುಟಬೇಕು. ಎಲ್ಲ ಕಲಿಸಿದಳು. ಆದರೆ ಅಕ್ಕನಿಗಿದ್ದ ಕೈಗುಣ ಕಲಿಸಿದರೆ ಬರುವುದಲ್ಲವಂತೆ. ಅವರ ಬೀದಿಯ ಹೆಂಗಸರು ತಮ್ಮ ಮನೆಯ ಮರಿಯನ್ನೂ ಅವಳ ಕೈಯಲ್ಲೇ ನೆಡಿಸಿಕೊಳ್ಳುತ್ತಿದ್ದರು. ಪಕ್ಕದ ಮನೆಯ ರಾಜಮ್ಮನಂತೂ ಹೊಸ ಕುಂಡ ತಂದರೆ ಮೊದಲ ಹಿಡಿ ಮಣ್ಣು ಅಕ್ಕನೇ ಹಾಕಬೇಕು. ಅಕ್ಕನಿಗೂ ಜಂಭ, ಸುಳ್ಳೇಕೆ ಹೇಳಲಿ.

ಆಮೇಲೆ ಅವಳ ಕಿಡ್ನಿ ಕೈಕೊಟ್ಟಿತು. ಡಯಾಲಿಸಿಸ್‌ಗೆಂದು ಮೈಸೂರಿಗೆ ಅಲೆದಾಟ. ಆ ವರ್ಷ ಅವಳ ಬಾಗಿಲ ಮುಂದಿನ ಸೇವಂತಿಗೆ ಸೊಂಪಾಗಿ ಬೆಳೆಯಿತು, ಮೊಗ್ಗು ಮಾತ್ರ ಕಟ್ಟಲಿಲ್ಲ. ದೀಪಾವಳಿ ಬಂತು, ಕಾರ್ತಿಕ ಕಳೆಯಿತು, ಎಲೆಯ ಮೇಲೆ ಎಲೆ. ಮಾರನೆಯ ವರ್ಷ ಮರಿ ನೆಡುವ ಹೊತ್ತಿಗೆ ರಾಜಮ್ಮ ಜಗುಲಿಯ ಕೆಳಗೇ ನಿಂತು, “ಈ ಸಲ ಬ್ಯಾಡ ಬುಡಕ್ಕ, ನಿಂಗ್ಯಾಕೆ ತೊಂದ್ರೆ, ನಾನೇ ನೆಟ್ಕತೀನಿ” ಅಂದಳು. ಅಕ್ಕನ ಮುಖ ಆಗ ಹೇಗಾಯಿತೆಂದು ನಾನು ನೋಡಿದ್ದೇನೆ. ಕಾಯಿಲೆಗೂ ಅವಳು ಅಷ್ಟು ಕುಗ್ಗಿರಲಿಲ್ಲ.

ಆ ವರ್ಷವೂ ಹೂವಿಲ್ಲ. “ನನ್ ಕೈ ಸತ್ತೋಯ್ತು ಕಣೇ, ಇನ್ ನಾನೂ ಅಷ್ಟೇಯ” ಅಂದಳು. ಸುಮ್ಮನಿರು ಎಂದು ಗದರಿದೆ. ಸಂಕ್ರಾಂತಿಗೆ ಅವಳಿರಲಿಲ್ಲ. ಅವಳನ್ನು ಮಲಗಿಸಿದಾಗ ಮೈಮೇಲಿದ್ದ ಸೇವಂತಿಗೆಯೆಲ್ಲ ಮಾರ್ಕೆಟ್ಟಿನದು. 

ಅವಳ ಕುಂಡವನ್ನು ನಾನು ತಂದೆ. ಮರಿ ಬಿಡಿಸಿ ಒಂದನ್ನು ಮನೆಯ ಮುಂದೆ ಬೀದಿದೀಪದ ಕೆಳಗೆ ಇಟ್ಟೆ, ಇನ್ನೊಂದನ್ನು ಹಿತ್ತಲಲ್ಲಿ ಒಗೆಯುವ ಕಲ್ಲಿನ ಪಕ್ಕ. ಕಾರ್ತಿಕದಲ್ಲಿ ಹಿತ್ತಲಿನದು ಮೈತುಂಬ ಮೊಗ್ಗು. ಮುಂದಿನದು ಬರೀ ಸೊಪ್ಪು. ಒಂದೇ ತಾಯಿಯ ಮರಿ, ಒಂದೇ ಗೊಬ್ಬರ, ಅದೇ ನನ್ನ ಕೈ. ಸೇವಂತಿಗೆಗೆ ಮೊಗ್ಗು ಕಟ್ಟಲು ಉದ್ದನೆಯ ಕತ್ತಲು ಬೇಕು. ರಾತ್ರಿಯಿಡೀ ಬೆಳಕು ಬಿದ್ದರೆ ಅದಕ್ಕೆ ಕಾಲ ಬಂದದ್ದೇ ತಿಳಿಯುವುದಿಲ್ಲ. ಆಗ ನೆನಪಾಯಿತು: ಅಕ್ಕನ ಬಾಗಿಲಿಗೂ ಹೊಸ ಎಲ್‌ಇಡಿ ಬೀದಿದೀಪ ಬಂದಿತ್ತು, ಅವಳು ಕಾಯಿಲೆ ಬಿದ್ದ ವರ್ಷವೇ.

ಅರಳುತ್ತಿದ್ದ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ರಾಜಮ್ಮನನ್ನೂ ಕರೆದು ಭಾವನ ಮುಂದೆಯೇ ಹೇಳಬೇಕು, ನಮ್ಮಕ್ಕನ ಕೈ ಚೆನ್ನಾಗಿಯೇ ಇತ್ತು ಅಂತ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ.

ಜಗುಲಿಯಲ್ಲಿ ಕೂತು, “ಈ ದೀಪ ಯಾವಾಗ ಹಾಕಿದ್ದು ಭಾವ?” ಎಂದು ಶುರುಮಾಡಿದೆ.

ಭಾವನ ಮುಖ ಅರಳಿತು. “ನಾನೇ ಹಾಕ್ಸಿದ್ದು ಕಣವ್ವ. ಮೈಸೂರಿಂದ ಬರೋಷ್ಟ್ರಲ್ಲಿ ಕತ್ಲಾಗೋದು. ಒಂದಿನ ಮೆಟ್ಲು ಕಾಣ್ದೆ ಬಿದ್ಬುಟ್ಲು. ಪುರಸಭೆಗೆ ಅಲ್ದು ಅಲ್ದು ಹಾಕ್ಸ್ದೆ. ಅವ್ಳಿಗೆ ಅಂತ ನನ್ ಕೈಲಿ ಆಗಿದ್ದು ಅದೊಂದೇ.”

ಜೋಡಿಸಿಕೊಂಡ ಮಾತನ್ನೆಲ್ಲ ಬಿಟ್ಟು, ಕುಂಡವನ್ನು ಜಗುಲಿಯ ಮೇಲಿಟ್ಟೆ. ಕಾಂಪೌಂಡಿನಾಚೆಯಿಂದ ರಾಜಮ್ಮ ಇಣುಕಿ, “ಅಬ್ಬಾ, ಏನ್ ಹೂವವ್ವ! ನಿನ್ ಕೈಗುಣ ಚೆನ್ನಾಗದೆ” ಅಂದಳು. ಭಾವನೂ ತಲೆಯಾಡಿಸಿದರು. ನಾನು ನಕ್ಕೆ. ಆ ನಗು ನೆನೆದರೆ ಈಗಲೂ ನನ್ನ ಮೇಲೇ ಅಸಹ್ಯವಾಗುತ್ತದೆ. ಭಾವ ಕುಂಡವನ್ನು ಎತ್ತಿ, ಅಕ್ಕನದು ಇದ್ದ ಜಾಗದಲ್ಲೇ, ದೀಪದ ಕೆಳಗೇ ಇಟ್ಟರು.

ಅದು ಹೋದ ವರ್ಷದ ಮಾತು. ಇವತ್ತು ಬೆಳಿಗ್ಗೆ ಫೋನಿನಲ್ಲಿ ಭಾವ ಹೇಳಿದ್ದು ಇಷ್ಟು: “ಗಿಡ ಚೆನ್ನಾಗದೆ ಕಣವ್ವ, ಮೊಗ್ಗೇ ಇಲ್ಲ. ಅವ್ಳಿಗಾದಂಗೇ ಆಯ್ತು.”

“ಹಿತ್ತಲಿಗೆ ಇಟ್ಟು ನೋಡಿ ಭಾವ. ಮುಂದ್ಗಡೆ ಬಿಸಿಲು ಜಾಸ್ತಿ” ಅಂದೆ. ಎಲೆ ಹಿಸುಕಿದ್ದು ಆಗಲೇ ಇರಬೇಕು.



“ಹಿತ್ಲು ಕತ್ಲು ಕಣವ್ವ. ಅವ್ಳ ಗಿಡ ಕತ್ಲಲ್ಲಿ ಯಾಕಿಡೋದು? ಹೂ ಬರ್ದಿದ್ರೆ ಬುಡು, ಬೆಳಕಲ್ಲಿರ್ಲಿ.”

ಹೂಂ ಅಂದೆ.