ಕಣ್ಣಷ್ಟೇ ಕಾಣುವ ಮುಖಗಳು

ಎಪ್ಪತ್ತರ ದಶಕದಲ್ಲಿ ಬೈಲಹೊಂಗಲದ, ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿನಲ್ಲಿ ಕೆಲಸಕ್ಕಿದ್ದ ನಾವು ಹೆಂಗಸರು ಧೂಳು ತಾಳಲಾರದೆ ಕಣ್ಣಷ್ಟೇ ಬಿಟ್ಟು ಮುಖಕ್ಕೆ ಬಟ್ಟೆ ಸುತ್ತಿಕೊಳ್ಳುತ್ತಿದ್ದೆವು. ಕೆಲಸದ ಮೇಲ್ವಿಚಾರಕನಾದ ಮುಕಾದಮ ಮಾತಾಡಿಸಿದರೆ ಮಾತ್ರ ಅದನ್ನು ಇಳಿಸಿ, ತಲೆ ತಗ್ಗಿಸಿ ನಿಲ್ಲಬೇಕಿತ್ತು.

ಒಂದು ರವಿವಾರ ಡಕಾಯಿತರ ಸಿನಿಮಾ ನೋಡಿದೆ. ಕರಿ ಬಟ್ಟೆ ಸುತ್ತಿದ ಮುಖ ಪರದೆಗೆ ಬಂದಾಗಲೆಲ್ಲ ಜನ ಚೀರುತ್ತಿದ್ದರು. ಮುಂದಿನ ಕುರ್ಚಿಯಲ್ಲಿ, ಇಸ್ತ್ರಿ ಅಂಗಿ ತೊಟ್ಟು ಕೂತಿದ್ದ ನಮ್ಮ ಮುಕಾದಮನೂ ಬೆಚ್ಚಿಬಿದ್ದ. ನಾನು ಕೂತಲ್ಲೇ ಚಡಪಡಿಸಿದೆ: ದಿನವಿಡೀ ನಾವೂ ಹೀಗೇ ಇರುತ್ತೇವಲ್ಲ, ನಮಗೇಕೆ ಯಾರೂ ಹೆದರುವುದಿಲ್ಲ?

ಮರುದಿನ ಜಿನ್ನಿನಲ್ಲಿ ಮುಕಾದಮ ನನ್ನ ಮುಂದೆ ನಿಂತು, “ಏ, ಮಾರಿಮ್ಯಾಲಿನ ಅರಬಿ ತಗಿ,” ಎಂದ.

“ಹಂಗ ಹೇಳ್ರಿ, ಕೇಳಸ್ತೈತಿ,” ಎಂದೆ, ಬಟ್ಟೆ ಇಳಿಸದೆಯೇ.

ಹತ್ತಿ ಆರಿಸುತ್ತಿದ್ದ ಕೈಗಳು ನಿಂತವು. ಬಟ್ಟೆ ಕಟ್ಟಿದ ಮುಖಗಳೆಲ್ಲ ಅವನತ್ತ ತಿರುಗಿದವು. ಅವನು ಒಂದು ಹೆಜ್ಜೆ ಹಿಂದೆ ಸರಿದ.